ಸೇಸಪ್ಪನವರ ಕಡಲಿಲ್ಲದ ವಾರ

ಮೊದಲೇ ಹೇಳಿಬಿಡುತ್ತೇನೆ, ನಾನು ಚಳ್ಳಕೆರೆ ಕಡೆಯವನು. ನಮ್ಮಲ್ಲಿ ನೀರು ಎಂದರೆ ಬೋರ್‌ವೆಲ್, ಕಡಲು ಎಂದರೆ ಕ್ಯಾಲೆಂಡರಿನ ಚಿತ್ರ. ಹಾಗಾಗಿ ಸೇಸಪ್ಪನವರ ವಿಷಯ ಹೇಳುವಾಗ ನನ್ನ ಮಾತಿನಲ್ಲಿ ಒಂದಿಷ್ಟು ಕುಚೋದ್ಯ ಸೇರಿಕೊಂಡರೆ ಅದನ್ನು ಕಳೆದು ಓದಿಕೊಳ್ಳಬೇಕು. ಬಹರೈನಿನ ಸನದ್‌ನಲ್ಲಿ ಒಂದೇ ಕಟ್ಟಡದಲ್ಲಿ ಅವರು ಮೇಲೆ, ನಾವು ಕೆಳಗೆ ವರ್ಷಗಟ್ಟಲೆಯಿಂದ ಇದ್ದೇವೆ. ಅವರ ಮನೆಯ ಬಂಗುಡೆ ಮೀನಿನ ವಾಸನೆ ನಮ್ಮ ಮನೆಯ ಊದುಬತ್ತಿಗಿಂತ ಮೊದಲೇ ಎದ್ದು ಓಡಾಡುತ್ತದೆ. ನನ್ನ ಹೆಂಡತಿ ಕಾಂತಾ ಮೊದಮೊದಲು ಕಿಟಕಿ ಮುಚ್ಚುತ್ತಿದ್ದಳು. ಈಗ ವಾಸನೆ ಹಿಡಿದೇ "ಇವತ್ತು ಮೇಲಿನ ಬೇಬಿಯಕ್ಕನಿಗೆ ರಜೆ" ಎನ್ನುವಷ್ಟು ಪಳಗಿದ್ದಾಳೆ.

ಸೇಸಪ್ಪನವರ ಊರು ಕಡಲ ತಡಿಯ ಹೆಜಮಾಡಿ, ಕೆಲಸ ಹಿದ್‌ನ ಬಂದರಿನಲ್ಲಿ. ದೊಡ್ಡ ಹಡಗು ಬಂದಾಗ ಅದರ ತೋಳು ದಪ್ಪದ ಹಗ್ಗವನ್ನು ಪುಟ್ಟ ದೋಣಿಯಲ್ಲಿ ಎಳೆದು ತಂದು ದಕ್ಕೆಗೆ ಮುಟ್ಟಿಸುವುದು. ಅಷ್ಟು ದೊಡ್ಡ ಹಡಗು ತಮ್ಮ ಮಾತು ಕೇಳಿ ನಿಲ್ಲುತ್ತದೆ ಎಂಬ ಸಣ್ಣ ಜಂಬ ಅವರಿಗಿದೆ. ಇರಲಿ, ನನಗಂತೂ ಆಫೀಸಿನಲ್ಲಿ ಯಾರೂ ಮಾತು ಕೇಳಿ ನಿಂತದ್ದಿಲ್ಲ. ಅವರ ಹೆಂಡತಿ ಬೇಬಿಯಕ್ಕ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್. ಮಾತು ಕಡಿಮೆ, ನಗು ಜಾಸ್ತಿ.

ಸೇಸಪ್ಪನವರ ಲೆಕ್ಕದಲ್ಲಿ ಮನುಷ್ಯರು ಎರಡೇ ಬಗೆ, ಕಡಲು ಕಂಡವರು ಮತ್ತು ಕಾಣದವರು. ಕಾಣದವರ ಮೇಲೆ ಅವರಿಗೆ ತಾತ್ಸಾರವಿಲ್ಲ, ಕನಿಕರವಿದೆ. ನನ್ನನ್ನು ತಮ್ಮ ನೆಂಟರಿಗೆ ಪರಿಚಯಿಸುವಾಗ "ಇವರು ಪಾಪ, ಘಟ್ಟದ ಮೇಲಿನವರು" ಎನ್ನುತ್ತಾರೆ. ಬೆಳಿಗ್ಗೆ ಚಹಾಕ್ಕೆ ಮೊದಲು ಟೆರೇಸ್ ಹತ್ತಿ, ತೂಬ್ಲಿ ಕೊಲ್ಲಿಯಲ್ಲಿ ನೀರು ಏರಿದೆಯೋ ಇಳಿದಿದೆಯೋ ನೋಡದೆ ಅವರ ದಿನ ಶುರುವಾಗುವುದಿಲ್ಲ. ದೇವರು ಬಹರೈನನ್ನು ಮಾಡಿದ್ದೇ ತಮ್ಮಂಥವರಿಗಾಗಿ ಎಂದು ಅವರ ನಂಬಿಕೆ. "ಇಲ್ಲಿ ದಾರಿ ತಪ್ಪಲಿಕ್ಕೇ ಆಗುದಿಲ್ಲ ಸ್ವಾಮಿಯವರೇ. ಹೆಚ್ಚೆಂದರೆ ಎಂತ? ನೀರಿನ ಹತ್ತಿರ ಹೋಗಿ ನಿಲ್ತೇವೆ" ಎನ್ನುತ್ತಾರೆ.

ಇಂಥವರ ಮಗಳು ತೃಪ್ತಿ ಮಂಗಳೂರಿನಲ್ಲಿ ಭೂಗರ್ಭಶಾಸ್ತ್ರ ಓದಿ, ಇಲ್ಲಿ ಕುಡಿಯುವ ನೀರು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ಅವರ ಮನೆಯಲ್ಲಿ ನಮಗೆ ಊಟ. ನಮಗೆಂದೇ ಬೇರೆ ಇಟ್ಟ ಪಾತ್ರೆಯಲ್ಲಿ ಬೇಬಿಯಕ್ಕ ಕಡಲೆ ಗಸಿ ಮಾಡಿದ್ದರು. ಕಾವಲಿಯಿಂದ ನೀರುದೋಸೆ ಇಳಿಯುತ್ತಿತ್ತು, ನಾವು ಹೊಟ್ಟೆಗೆ ಏರಿಸುತ್ತಿದ್ದೆವು. ಆಗ ತೃಪ್ತಿ ಹೇಳಿದಳು.

"ಪಪ್ಪ, ನಂಗೆ ಬೇರೆ ಕೆಲಸ ಸಿಕ್ಕಿತು. ಆಫ್ರಿಕಾದಲ್ಲಿ, ಚಾಡ್ ಅಂತ ದೇಶ. ಮರುಭೂಮಿಯ ಹಳ್ಳಿಗಳಲ್ಲಿ ಬಾವಿ ತೋಡ್ಲಿಕ್ಕೆ ಎಲ್ಲಿ ನೀರುಂಟು ಅಂತ ನೋಡುವುದು. ಎರಡು ವರ್ಷಕ್ಕೆ."

ಸೇಸಪ್ಪನವರು ದೋಸೆ ಮುರಿಯುತ್ತಲೇ ಕೇಳಿದರು. "ಒಳ್ಳೇದು. ಪೋರ್ಟ್ ಯಾವುದು?"

"ಪೋರ್ಟ್ ಇಲ್ಲ ಪಪ್ಪ. ಸುತ್ತ ಎಲ್ಲ ಬೇರೆ ಬೇರೆ ದೇಶ. ಕಡಲು ಇಲ್ಲ."

ಅವರು ಕೈ ತೊಳೆದು ಬಂದರು. ಬಾಗಿಲಿಲ್ಲದ ಮನೆಯನ್ನು ಬಾಡಿಗೆಗೆ ಹಿಡಿದಿದ್ದೇನೆ ಎಂದು ಮಗಳು ಹೇಳಿದಂತಿತ್ತು ಅವರ ಮುಖ. ಅವಳ ಫೋನ್ ಇಸಿದುಕೊಂಡು ನಕ್ಷೆಯ ಮೇಲೆ ಬೆರಳಾಡಿಸಿದರು. ಮೇಲೆ ಎಳೆದರು, ಲಿಬಿಯಾ ಬಂತು. ಬಲಕ್ಕೆ ಎಳೆದರು, ಸುಡಾನ್. ಎಡಕ್ಕೆ ನೈಜರ್. ಎಷ್ಟು ಉಜ್ಜಿದರೂ ನೀಲಿ ಹತ್ತಿರಕ್ಕೆ ಬರಲಿಲ್ಲ. ಕೊನೆಗೆ ಅಂಚಿನಲ್ಲೊಂದು ನೀಲಿ ಚುಕ್ಕೆ ಸಿಕ್ಕಿ ಅವರ ಕಣ್ಣರಳಿತು.

"ಇದೆಂತದು ಇಲ್ಲಿ?"

"ಚಾಡ್ ಸರೋವರ. ಮೊದಲು ತುಂಬ ದೊಡ್ಡದಿತ್ತು. ಈಗ ಸುಮಾರು ಬತ್ತಿಹೋಗಿದೆ."

"ಕಡಲಂತೂ ಇಲ್ಲ, ಇದ್ದ ಕೆರೆಯೂ ಒಣಗ್ತಾ ಉಂಟಾ! ಮತ್ತೆ ಊರಿನಲ್ಲಿ ನೀರು?"

"ರಾಜಧಾನಿಯ ಪಕ್ಕದಲ್ಲೇ ದೊಡ್ಡ ನದಿ ಉಂಟಲ್ಲ."

ಸೇಸಪ್ಪನವರಿಗೆ ಜೀವ ಬಂತು. "ಹಾಗೆ ಹೇಳು. ಆ ನದಿ ಹಿಡಿದು ಹೋದ್ರೆ ಕಡಲು ಸಿಗ್ತದೆ. ನದಿ ಎಲ್ಲಿಗೆ ಹೋಗ್ತದೆ?"

"ಆ ಕೆರೆಗೆ."

"ಕೆರೆಯಿಂದ?"

"ಎಲ್ಲಿಗೂ ಇಲ್ಲ. ಅಲ್ಲಿಗೇ ಮುಗೀತದೆ."

ನದಿಯೊಂದು ಕಡಲಿಗೆ ಹೋಗದೆ ಸುಮ್ಮನೆ ಮುಗಿದುಹೋಗುತ್ತದೆ ಎಂಬುದನ್ನು ಅರಗಿಸಿಕೊಳ್ಳಲು ಅವರಿಗೆ ಆಗಲೇ ಇಲ್ಲ. ಅದು ಭೂಗೋಳವಲ್ಲ, ನದಿಯ ದುರ್ನಡತೆ ಎಂಬಂತೆ ಸಿಟ್ಟಾದರು. "ನದಿಗೇ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲದ ಊರು. ನಿಂಗೆ ಇರ್ತದಾ? ನಾಳೆ ಎಂತಾದ್ರೂ ಆದ್ರೆ ವಿಮಾನ ನಿಲ್ತದೆ, ಗಡಿ ಮುಚ್ತದೆ. ಕಡಲು ಇದ್ರೆ ಯಾರಾದ್ರೂ ಒಬ್ಬ ದೋಣಿ ತಂದಾನು. ನಾನೇ ತಂದೇನು. ಅಲ್ಲಿಗೆ ನಾನು ಎಂತದರಲ್ಲಿ ಬರುದು?"

ಕೊನೆಯ ಮಾತು ಹೇಳುವಾಗ ಅವರು ನಕ್ಷೆ ಬಿಟ್ಟು ಮಗಳನ್ನು ನೋಡಿದರು. ವಿಷಯ ಕಡಲಲ್ಲ, ಮಗಳು ಎಂದು ನನಗೆ ಆಗಲೇ ತಿಳಿಯಬೇಕಿತ್ತು. ಆದರೆ ನನಗೆ ಊರಭಿಮಾನ ಕೆರಳಿತ್ತು.

"ಅಲ್ರೀ ಸೇಸಪ್ಪನವರೇ, ನಾವು ತಲೆತಲಾಂತರದಿಂದ ಕಡಲಿಲ್ಲದೆ ಇದ್ದೀವಿ. ಸತ್ತಿದ್ದೀವೇನ್ರೀ?"

"ನೀವು ಇರ್ತೀರಿ ಸ್ವಾಮಿಯವರೇ. ನಿಮಗೆ ರುಚಿ ಗೊತ್ತಿಲ್ಲ, ಹಾಗೆ ಬದುಕಿದ್ದೀರಿ. ಕಡಲ ಬದಿಯ ಜೀವ ಒಂದು ವಾರ ನಿಲ್ಲುದಿಲ್ಲ."

"ನಿಂತರೆ?" ಎಂದಳು ತೃಪ್ತಿ.

ಹೀಗೆ ಹುಟ್ಟಿತು ಪಂದ್ಯ. ಈ ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಮುಂದಿನ ಶುಕ್ರವಾರ ಸಂಜೆಯ ಬಾಂಗಿನವರೆಗೆ ಸೇಸಪ್ಪನವರು ಕಡಲನ್ನು ನೋಡಬಾರದು, ಮೀನು ತಿನ್ನಬಾರದು. ಕೆಲಸಕ್ಕೆ ರಜೆ ಹಾಕಬೇಕು. ತಡೆದುಕೊಂಡರೆ ತೃಪ್ತಿ ಹೊರಡಬಹುದು. ಆಗದಿದ್ದರೆ ಅವಳು ಆ ಕೆಲಸ ಬಿಡಬೇಕು. ಇಪ್ಪತ್ತೈದು ದಾಟಿದ ಹುಡುಗಿ, ಯಾರನ್ನೂ ಕೇಳದೆ ವಿಮಾನ ಹತ್ತಬಹುದಿತ್ತು. "ಪಪ್ಪ ಮುಖ ತಿರುಗಿಸಿಕೊಂಡಿದ್ದರೆ ನಾನು ಹೋಗುದಿಲ್ಲ ಅಂಕಲ್. ಹೋದ್ರೂ ಅಲ್ಲಿ ಕೆಲಸ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ" ಎಂದು ಮೆಟ್ಟಿಲಲ್ಲಿ ನನಗೆ ಹೇಳಿದಳು.

ನನಗೆ ಅವಳ ಪೆದ್ದುತನಕ್ಕೆ ಮರುಕವಾಯಿತು. ಸೋಲುವುದು ಯಾರ ಕೈಯಲ್ಲಿದೆಯೋ, ಸೋತರೆ ಯಾರಿಗೆ ಲಾಭವೋ, ಅವರ ಕೈಯಲ್ಲೇ ಪಂದ್ಯ ಕೊಟ್ಟಿದ್ದಳು. ಸೇಸಪ್ಪನವರೂ ನನ್ನ ಕಿವಿಯಲ್ಲಿ ಹೇಳಿದರು, "ಒಂದು ರಾತ್ರಿ ಮರ್ಯಾದೆಗೆ ಕೂರ್ತೇನೆ. ಬೆಳಿಗ್ಗೆ ಟೆರೇಸಿಗೆ ಹೋಗಿ, ಅಯ್ಯೋ ಆಗ್ಲಿಲ್ಲ ಅಂತ ಇಳಿದು ಬರ್ತೇನೆ. ಖಲಾಸ್."

ಆದರೆ ಶನಿವಾರ ಬೆಳಿಗ್ಗೆ ಅವರು ಟೆರೇಸಿನ ಮೆಟ್ಟಿಲಿಗೆ ಕಾಲಿಡುವ ಮೊದಲೇ ಫೋನ್ ಬಂತು. ಅವರ ದೋಣಿಯ ಜೊತೆಗಾರ, ಮಂಗಳೂರು ಕುಲಶೇಖರದ ಓಲಿವರ್. ನಾನು ಪಕ್ಕದಲ್ಲೇ ಇದ್ದೆ, ಆ ಪುಣ್ಯಾತ್ಮನ ದನಿ ಫೋನಿನ ಅಗತ್ಯವಿಲ್ಲದೆಯೂ ಹಿದ್‌ನಿಂದ ಕೇಳುತ್ತದೆ.

"ಹೋಯ್ ಸೇಸಪ್ಪಣ್ಣ, ಇಲ್ಲಿ ಎಲ್ಲರೂ ಹೇಳುದು, ನೀವು ಇವತ್ತು ಮಧ್ಯಾಹ್ನದ ಒಳಗೆ ಓಡಿ ಬರ್ತೀರಂತೆ. ನಾನೂ ಅದನ್ನೇ ಹೇಳಿದ್ದು. ವಯಸ್ಸಾಯ್ತಲ್ಲ, ಹಟ ಎಲ್ಲ ಮೊದಲಿನ ಹಾಗೆ ಎಲ್ಲಿ!"

ಸೇಸಪ್ಪನವರು ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದರು. "ಯಾರಿಗೆ ವಯಸ್ಸಾದ್ದು?" ಎಂದು ಗುಡುಗಿ ಫೋನ್ ಇಟ್ಟು, ಮನೆಗೆ ಹೋಗಿ ಅಡುಗೆಮನೆಯ ಕಿಟಕಿಗೆ ಒಂದು ಬೆಡ್‌ಶೀಟ್ ಹೊಡೆದರು. ಆ ಕಿಟಕಿಯಲ್ಲಿ ಎರಡು ಕಟ್ಟಡಗಳ ಸಂದಿಯಿಂದ ಅಂಗೈಯಗಲ ಕೊಲ್ಲಿ ಕಾಣುತ್ತದೆ. ತೃಪ್ತಿ ಸೋಫಾದಲ್ಲಿ ಕುಳಿತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಓಲಿವರ್‌ಗೆ ಸುದ್ದಿ ಮುಟ್ಟಿಸಿದ್ದು ಯಾರೆಂದು ನಾನು ಕೇಳಲಿಲ್ಲ, ಅವಳೂ ತಲೆ ಎತ್ತಲಿಲ್ಲ. ಪೆದ್ದ ಯಾರೆಂದು ನನಗೆ ಆಗ ತಿಳಿಯಿತು.

ದ್ವೀಪದಲ್ಲಿದ್ದುಕೊಂಡು ಕಡಲು ನೋಡದಿರುವುದು ಎಂಥ ಸರ್ಕಸ್ ಎಂದು ಆ ವಾರ ಕಂಡೆವು. ಬೇಬಿಯಕ್ಕನನ್ನು ಸಲ್ಮಾನಿಯಾಕ್ಕೆ ಬಿಡಲು ದಿನವೂ ಹೋಗುವ ದಾರಿಯಲ್ಲಿ ನೀರು ಕಾಣುತ್ತದೆಂದು, ಕಾರನ್ನು ಊರೊಳಗಿನ ಗಲ್ಲಿಗಲ್ಲಿ ನುಗ್ಗಿಸಿದರು. ಎರಡು ಸಲ ಯಾರದೋ ಮನೆಯ ಗ್ಯಾರೇಜಿಗೇ ಹೋಗಿ ಸಲಾಂ ಹೇಳಿ ಹಿಂದೆ ಬಂದರು. ಬೇಬಿಯಕ್ಕ ಡ್ಯೂಟಿಗೆ ತಡವಾದರೂ ನಗುತ್ತಲೇ ಇದ್ದರು. ಫೋನಿನ ಪರದೆಯ ಮೇಲಿದ್ದ ದೋಣಿಯ ಚಿತ್ರವನ್ನು ತೆಗೆಯಬೇಕಾಯಿತು. ಬದಲಿಗೆ ಬೇರೇನೂ ಸಿಗದೆ ಕಾಂತಾಳ ಕರಿಬೇವಿನ ಕುಂಡದ ಫೋಟೋ ಹಾಕಿಕೊಂಡರು. ಟಿ.ವಿ.ಯಲ್ಲಿ ಹವಾಮಾನ ವಾರ್ತೆ ಬಂದರೆ ಕಣ್ಣಿಗೆ ಟವೆಲು. ತಕರಾರು ಬಂದಾಗಲೆಲ್ಲ ತೀರ್ಪು ತೃಪ್ತಿಯದು. ಒಣಮೀನು ಮೀನೇ. ಸಿಗಡಿಯೂ ಮೀನೇ. ಈಜುಕೊಳ ಕಡಲಲ್ಲ, ಆದರೆ ನೋಡಿ ನಿಟ್ಟುಸಿರು ಬಿಡುವಂತಿಲ್ಲ.

ಊಟದ ಜವಾಬ್ದಾರಿ ಕಾಂತಾ ವಹಿಸಿಕೊಂಡಳು. ಇಷ್ಟು ವರ್ಷದ ಬಂಗುಡೆಗೆ ಸೇಡು ಎನ್ನುವ ಹಾಗೆ ದಿನವೂ ಮುದ್ದೆ, ಸೊಪ್ಪಿನ ಸಾರು. ಮೊದಲ ದಿನ ಸೇಸಪ್ಪನವರು ಮುದ್ದೆಯನ್ನು ಅಗಿಯಲು ಹೋಗಿ ನಾಲಿಗೆ ಕಚ್ಚಿಕೊಂಡರು. "ನುಂಗಬೇಕು ಕಣ್ರೀ" ಎಂದೆ. "ಮುಳ್ಳಿಲ್ಲದ್ದನ್ನು ನುಂಗ್ಲಿಕ್ಕೆ ನಂಗೆ ಧೈರ್ಯ ಇಲ್ಲ" ಎಂದರು. ಮಂಗಳವಾರದ ಹೊತ್ತಿಗೆ ಎರಡನೆಯ ಮುದ್ದೆ ಕೇಳುತ್ತಿದ್ದರು. ನಾನು ಈ ಗೆಲುವನ್ನು ಊರಿಗೆ ಫೋನ್ ಮಾಡಿ ತಿಳಿಸಿದೆ.

ಬುಧವಾರ ಅವರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಕಡಲಿನಿಂದ ಆದಷ್ಟು ದೂರ ಹೋಗಬೇಕು ಎಂದು ತೃಪ್ತಿಯನ್ನೂ ನನ್ನನ್ನೂ ಕಾರಿಗೆ ತುಂಬಿ ದಕ್ಷಿಣದ ಮರಳುಗಾಡಿಗೆ ಹೊರಟರು. ಎಣ್ಣೆ ಪೈಪುಗಳು, ಕುರುಚಲು ಗಿಡ, ಎದುರಿಗೆ ಬಹರೈನಿನ ಏಕೈಕ ಬೆಟ್ಟ ಎನಿಸಿಕೊಂಡ ದುಖಾನ್. ನಮ್ಮ ಕಡೆಯಲ್ಲಾದರೆ ಅದನ್ನು ಗುಡ್ಡ ಎಂದೂ ಕರೆಯುವುದು ಅನುಮಾನ. ಅದರ ತುದಿಯಿಂದ ಎರಡು ಕಡೆಯ ಕಡಲೂ ಕಾಣುತ್ತದೆ ಎಂದು ಯಾರೋ ಹೇಳಿದ್ದರಿಂದ ಸೇಸಪ್ಪನವರು ಬೆಟ್ಟದ ಕಡೆ ಕತ್ತೂ ತಿರುಗಿಸಲಿಲ್ಲ. ಮರಳಲ್ಲಿ ಚಾಪೆ ಹಾಸಿ ಕೂತೆವು. ಗಾಳಿ ಎದ್ದು ಹಲ್ಲಿನಲ್ಲಿ ಮರಳು ಕರಕರ ಎಂದಿತು.

ಸೇಸಪ್ಪನವರು ತುಟಿ ನೆಕ್ಕಿ ಗಂಭೀರವಾದರು. "ಉಪ್ಪುಂಟು. ಇಲ್ಲಿಯ ಗಾಳಿಯಲ್ಲಿಯೂ ಕಡಲುಂಟು. ಇದು ಲೆಕ್ಕಕ್ಕೆ ಬರ್ತದಾ?"

"ಇಲ್ಲ. ನೋಡಿದ್ರೆ ಮಾತ್ರ" ಎಂದಳು ತೀರ್ಪುಗಾರ್ತಿ.

"ನಿನ್ನ ಚಾಡಿನ ಗಾಳಿಯಲ್ಲಿ ಇಷ್ಟಾದ್ರೂ ಇರ್ತದಾ?"

ತೃಪ್ತಿ ಚಾಪೆಯಿಂದ ಇಳಿದು ಅವರ ಪಕ್ಕ ಮರಳಲ್ಲೇ ಕೂತಳು. ಅಲ್ಲಿಯ ಗಾಳಿ ಒಣ, ತುಟಿ ಒಡೆಯುತ್ತದೆ, ಬಟ್ಟೆ ಹಿಂಡಿ ಹಾಕಿದರೆ ತಿರುಗಿ ನೋಡುವಷ್ಟರಲ್ಲಿ ಒಣಗುತ್ತದೆ ಎಂದಳು. ಉತ್ತರದಲ್ಲಿ ಬೆಂಕಿಯುಗುಳಿ ತಣ್ಣಗಾದ ಬೆಟ್ಟಗಳಿವೆ. ದಕ್ಷಿಣದಲ್ಲಿ ಮಳೆಗಾಲವಿದೆ, ಹುಲ್ಲು ಬರುತ್ತದೆ, ದನ ಮೇಯುತ್ತವೆ. ನಡುವೆ ತಗ್ಗಿನಲ್ಲೊಂದು ದೊಡ್ಡ ಬಯಲು. "ಸಾವಿರಾರು ವರ್ಷದ ಹಿಂದೆ ಅಲ್ಲಿ ಎಷ್ಟು ದೊಡ್ಡ ಕೆರೆ ಇತ್ತು ಅಂದ್ರೆ ಪಪ್ಪ, ಈ ದಡದಲ್ಲಿ ನಿಂತ್ರೆ ಆ ದಡ ಕಾಣ್ತಿರ್ಲಿಲ್ಲ. ಈಗ ಬರೀ ಧೂಳು. ಆ ಧೂಳು ಗಾಳಿಗೆ ಎದ್ದು ಆಫ್ರಿಕಾ ದಾಟಿ, ಅಟ್ಲಾಂಟಿಕ್ ಸಮುದ್ರವನ್ನೂ ದಾಟಿ ಆಚೆ ಕಾಡಿನ ಮೇಲೆ ಬೀಳ್ತದೆ. ಆ ಬಯಲಲ್ಲಿ ಅಗೆದರೆ ಮೀನಿನ ಮುಳ್ಳು ಸಿಗ್ತದೆ."

ಸೇಸಪ್ಪನವರು ನೆಟ್ಟಗೆ ಕೂತರು. "ಮುಳ್ಳು ಉಂಟಾ? ಯಾವ ಮೀನಿಂದು?"

"ಗೊತ್ತಿಲ್ಲ. ನೋಡಿ ಹೇಳ್ತೇನೆ."

"ನೋಡಿ ಹೇಳು" ಎಂದರು. ಹೇಳಿದ ಮೇಲೆ ತಾವೇ ಬೆಚ್ಚಿದರು. ಹೋಗಲು ಅರ್ಧ ಒಪ್ಪಿಗೆ ಕೊಟ್ಟ ಹಾಗಾಯಿತಲ್ಲ ಎಂದು ಮುಖ ಗಂಟಿಕ್ಕಿಕೊಂಡು, ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನ ಜೊತೆ ಜಗಳಕ್ಕೆ ಕಾರಣ ಹುಡುಕಿದರು.

ಗುರುವಾರ ಸಂಜೆ ಓಲಿವರ್ ಮತ್ತೆ ಫೋನ್ ಮಾಡಿ ಸೋಲೊಪ್ಪಿಕೊಂಡ. ಬಂದರಿನಲ್ಲೆಲ್ಲ ಸೇಸಪ್ಪಣ್ಣನದೇ ಮಾತಂತೆ. ಫೋನಿಟ್ಟ ಅವರು ನಮ್ಮ ಮನೆಗೆ ಇಳಿದು ಬಂದರು. ಬೀಗುತ್ತಾರೆ ಎಂದು ನಾನು ಕಾದರೆ, ಕುರ್ಚಿಯ ತುದಿಯಲ್ಲಷ್ಟೇ ಕೂತರು.

"ಸ್ವಾಮಿಯವರೇ, ನಾನು ಗೆದ್ರೆ ಅವಳು ಹೋಗ್ತಾಳಲ್ಲ."

"ಪಂದ್ಯ ಅದೇ ಅಲ್ವೇನ್ರೀ."

"ಅದೇ. ಈ ಓಲಿವರ್‌ನ ಗಡಿಬಿಡಿಯಲ್ಲಿ ನಾನು ಅದನ್ನೇ ಮರೆತೆ ಮಾರಾಯ್ರೆ. ಗೆಲ್ಲುದು, ಗೆಲ್ಲುದು ಅಂತ ಕೂತೆ. ಯಾರ ಮೇಲೆ ಗೆಲ್ತಾ ಇದ್ದೇನೆ ಅಂತಲೇ ನೋಡ್ಲಿಲ್ಲ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವರ ಮುಖ ನೋಡಿ ಸಂಕಟವಾಯಿತು. ಈ ಮನುಷ್ಯನ ಜೊತೆ ವರ್ಷಗಟ್ಟಲೆ ಕಚ್ಚಾಡಿದ್ದೇನೆ. ಆದರೆ ನನಗೆ ಈ ಊರಿನಲ್ಲಿ ಇವರಷ್ಟು ಬೇಕಾದವರು ಬೇರೆ ಯಾರೂ ಇಲ್ಲ ಎಂಬುದು ಆಗ ಮನಸ್ಸಿಗೆ ಬಂತು.

"ಇನ್ನೂ ಒಂದು ದಿನ ಇದೆ. ಮೇಲೆ ಹತ್ತಿ ಒಂದು ಸಲ ನೋಡಿಬಿಡ್ರಿ. ಓಲಿವರ್ ಒಂದು ವಾರ ನಗ್ತಾನೆ, ಆಮೇಲೆ ಮರೀತಾನೆ. ಮಗಳು ಉಳೀತಾಳೆ" ಎಂದೆ.

ಅವರು ಕಾಂತಾ ಕೊಟ್ಟ ಚಹಾ ಕುಡಿದು ಎದ್ದು ಹೋದರು.

ಮರುದಿನ ಬಿಸಿಲು ಇಳಿಯುತ್ತಿದ್ದ ಹೊತ್ತಿಗೆ ಬಾಗಿಲು ಬಡಿದರು. ಕೈಯಲ್ಲಿ ಕಾರಿನ ಕೀ. "ಬನ್ನಿ ಸ್ವಾಮಿಯವರೇ, ಒಂದು ಕಡೆ ಹೋಗ್ಲಿಕ್ಕುಂಟು." ಕೆಳಗಿಳಿದು ತಲೆ ಎತ್ತಿದರೆ ಮೇಲಿನ ಬಾಲ್ಕನಿಯಲ್ಲಿ ಬೇಬಿಯಕ್ಕ, ತೃಪ್ತಿ ನಿಂತಿದ್ದರು. ಬೇಬಿಯಕ್ಕನ ಮುಖದಲ್ಲಿ ಆ ಹೊತ್ತು ನಗು ಇರಲಿಲ್ಲ. ತೃಪ್ತಿ ಕಂಬಿ ಹಿಡಿದು ಮುಂದಕ್ಕೆ ಬಾಗಿದ್ದಳು. ಅಪ್ಪನ ಹಟದ ಮೇಲೆ ಅವಳು ಹೂಡಿದ್ದ ಲೆಕ್ಕ ಕೊನೆಯ ಗಂಟೆಯಲ್ಲಿ ತಪ್ಪಿತು ಎಂದುಕೊಂಡೆ. ಹುಡುಗಿಯ ಮೇಲೆ ಕನಿಕರವೂ ಆಯಿತು, ಒಳಗೊಳಗೆ ಸಮಾಧಾನವೂ ಆಯಿತು. ಅವಳು ಹೋಗುವುದು ನನಗೂ ಬೇಕಿರಲಿಲ್ಲ.

ಕಾರು ಹೋಗಿ ನಿಂತದ್ದು ಸನದ್‌ನ ಅಂಚಿನಲ್ಲಿ, ತೂಬ್ಲಿ ಕೊಲ್ಲಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹತ್ತಿರ. ರಸ್ತೆಯ ತಿರುವಿನಿಂದಲೇ ಸೇಸಪ್ಪನವರು ತಮ್ಮ ಬದಿಯ ಕನ್ನಡಿಯನ್ನು ಮಡಚಿ, ಕಣ್ಣನ್ನು ಬಾನೆಟ್ಟಿನ ಮುಂದಿನ ಟಾರಿಗಷ್ಟೇ ನೆಟ್ಟಿದ್ದರು. ಇಳಿದವರು ನೆಲ ನೋಡುತ್ತ, ಕೈಯಿಂದ ತಡಕುತ್ತ, ಹಿಂದೆ ಹಿಂದೆ ನಡೆದು ದಡದ ಒಂದು ಕಲ್ಲಿನ ಮೇಲೆ ಕೂತರು. ಬೆನ್ನು ನೀರಿನ ಕಡೆಗೆ. ಮುಖ ಪಡುವಣದ ಕಟ್ಟಡಗಳ ಕಡೆಗೆ, ನನ್ನ ಕಡೆಗೆ.

"ಸ್ವಾಮಿಯವರೇ, ನೀರು ಏರಿದುಂಟಾ ಇಳಿದುಂಟಾ?"

ನನಗೇನು ಗೊತ್ತು? "ಇದೆ, ಸುಮಾರಾಗಿದೆ" ಎಂದೆ.

"ಸುಮಾರು ಅಂದ್ರೆ ಎಂತದು! ಕೆಸರು ಕಾಣ್ತದಾ?"

"ಕಾಣ್ತದೆ. ತುಂಬ."

"ಹಾಗಾದ್ರೆ ಇಳಿದುಂಟು. ದೋಣಿ?"

"ಎರಡು ಇವೆ. ಒಂದು ಕೆಸರಲ್ಲಿ ವಾಲಿದೆ. ಆಚೆ ನೀರಲ್ಲಿ ಉದ್ದ ಕಾಲಿನ ಗುಲಾಬಿ ಹಕ್ಕಿಗಳು, ಒಂದೇ ಕಾಲಲ್ಲಿ ನಿಂತಿವೆ."

"ಬಂದುವಾ ಈ ವರ್ಷವೂ?" ಎಂದು ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. "ನೋಡುದು ಅಂತಲೇ ಮನೆಯಿಂದ ಹೊರಟದ್ದು. ದಾರಿಯಲ್ಲಿ ಮನಸ್ಸಾಗ್ಲಿಲ್ಲ. ನಾನು ಇಲ್ಲಿಗೆ ಬರುವಾಗ ನಮ್ಮಪ್ಪನಿಗೂ ಬೇಡ ಇತ್ತು. ಬಸ್ಸಿಗೆ ಪೆಟ್ಟಿಗೆ ಹೊತ್ತದ್ದು ಅವರೇ. ಅವಳು ಇಲ್ಲೇ ಉಳಿದು ದಿನಾ ನನ್ನ ಮುಖ ನೋಡಿದ್ರೆ, ನಾನು ಕಳ್ಳಾಟ ಆಡಿದವ ಅಂತ ಕಾಣ್ಬೇಕಾ?"

ಹಿಂದಿನಿಂದ ಇನ್ನೊಂದು ಕಾರು ಬಂದು ನಿಂತಿತು. ತೃಪ್ತಿ. ಓಡಿಬಂದವಳು ಅಪ್ಪ ಕೂತಿದ್ದ ಬಗೆ ನೋಡಿ ಹಾಗೇ ನಿಂತಳು. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಪಪ್ಪ, ಸಾಕು. ತಿರುಗಿ. ನಾನು ಹೋಗುದಿಲ್ಲ."

"ಬಾಂಗ್ ಆಗ್ಲಿ" ಎಂದರು ಸೇಸಪ್ಪನವರು. "ಆಮೇಲೆ ನೀನೂ ಮೋಸ ಅನ್ಬಾರ್ದು, ಆ ಓಲಿವರೂ ಅನ್ಬಾರ್ದು. ಹೋಗುದಿಲ್ಲ ಅಂತ ಎಲ್ಲ ಹೇಳ್ಬೇಡ. ಪಂದ್ಯ ಪಂದ್ಯವೇ."

ಅವಳು ಅವರ ಪಕ್ಕದ ಕಲ್ಲಿನ ಮೇಲೆ ಕೂತಳು, ಅವಳೂ ನೀರಿಗೆ ಬೆನ್ನು ಹಾಕಿ. ಅಪ್ಪನ ತೋಳಿಗೆ ತೋಳು ಸಿಕ್ಕಿಸಿಕೊಂಡಳು. ಮಸೀದಿಗಳಿಂದ ಸಂಜೆಯ ಬಾಂಗು ಎದ್ದಿತು, ಒಂದಾದ ಮೇಲೆ ಒಂದು, ಸನದ್‌ನಿಂದ, ಆಚೆ ದಡದ ಸಿತ್ರಾದಿಂದ. ಪಂದ್ಯ ಮುಗಿದಿತ್ತು. "ತಿರುಗ್ರಿ ಇನ್ನು, ಗೆದ್ರಲ್ಲ" ಎಂದೆ. ಇಬ್ಬರೂ ತಿರುಗಲಿಲ್ಲ. ಅಪ್ಪ ಮಗಳ ಮುಖ ನೋಡುತ್ತಿದ್ದರು, ಮಗಳು ಅಪ್ಪನದು. ಕತ್ತಲಾಗುವವರೆಗೆ ಅಲ್ಲಿ ಕಡಲು ನೋಡುತ್ತ ನಿಂತವನು ಚಳ್ಳಕೆರೆಯ ನಾನೊಬ್ಬನೇ.